ಬರೆದುಕೊಳ್ಳದ ಮೂರು ನಿಮಿಷ

ನನ್ನ ಬಾಲಂಗೋಚಿಗೆ,

ಹೆಸರಿನ ಮುಂದೆಯೂ ಹಿಂದೆಯೂ ಪದವಿಗಳನ್ನು ಹೊತ್ತಿರುವ ಐವತ್ತೆಂಟು ವರ್ಷದ ಹೆಂಗಸನ್ನು ಹೀಗೆ ಕರೆಯಬಾರದು ಎಂದು ನನಗೆ ಗೊತ್ತು. 'ಗೌರವಾನ್ವಿತ ಮಾಜಿ ಅಧ್ಯಕ್ಷರಿಗೆ' ಎಂದು ಬರೆದು ನೋಡಿದೆ, ಹೊಟ್ಟೆ ಉರಿಯಿತು. 'ಪ್ರೀತಿಯ ತಂಗಿಗೆ' ಎಂದು ಬರೆದೆ, ಅರ್ಧ ಸುಳ್ಳು ಹೇಳಿದಂತಾಯಿತು. ನಡೆಯಲು ಕಲಿತ ದಿನದಿಂದ ನನ್ನ ಫ್ರಾಕಿನ ಅಂಚು ಹಿಡಿದುಕೊಂಡು ಹೋದಲ್ಲೆಲ್ಲ ಬರುತ್ತಿದ್ದವಳಿಗೆ ಅಪ್ಪ ಇಟ್ಟ ಅಡ್ಡಹೆಸರು ಒಂದೇ ಸರಿ ಎನ್ನಿಸಿತು.

ಮುಂದಿನ ತಿಂಗಳು ಸಂಘದ ದಪ್ಪ ಪುಸ್ತಕ ನಿನ್ನ ಕೈಸೇರುತ್ತದೆ. ಮನಶ್ಶಾಸ್ತ್ರಜ್ಞರ ಸಂಘದ ಎಪ್ಪತ್ತೈದು ವರ್ಷದ ಅಧ್ಯಕ್ಷ ಭಾಷಣಗಳೆಲ್ಲ ಒಂದೇ ಹೊದಿಕೆಯೊಳಗೆ. ನಿನ್ನದು ಅರವತ್ತೊಂಬತ್ತನೆಯದು. ಅದರ ಕೆಳಗೆ ಒಂದು ಅಡಿಟಿಪ್ಪಣಿ ಇದೆ. ಅದನ್ನು ನೀನು ಓದುವ ಮೊದಲು ಈ ಕಾಗದ ನಿನಗೆ ತಲುಪಲಿ ಎಂದು ಬೇಗ ಬರೆಯುತ್ತಿದ್ದೇನೆ. ಮೊದಲು ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ನಿನ್ನೆ ಮೊನ್ನೆಯದಲ್ಲ, ನಲವತ್ತು ವರ್ಷದ್ದು. ಬೇರೆಯವರ ಮಾತನ್ನು ಜೀವಮಾನವಿಡೀ ಒಂದಕ್ಷರ ಬಿಡದೆ ಬರೆದುಕೊಂಡವಳಿಗೆ ತನ್ನ ಈ ಒಂದು ವಾಕ್ಯ ಬರೆಯಲು ಇಷ್ಟು ಕಾಲ ಹಿಡಿಯಿತು.

ನಾನು ಆ ಸಂಘದ ಕಚೇರಿಗೆ ಸ್ಟೆನೋ ಆಗಿ ಸೇರಿದಾಗ ನನಗೆ ಇಪ್ಪತ್ತೆರಡು, ನಿನಗೆ ಹದಿನೇಳು. ನಿಮಿಷಕ್ಕೆ ನೂರನಲವತ್ತು ಪದ ಬರೆಯುತ್ತಿದ್ದೆ. ಶೀಘ್ರಲಿಪಿ ಶಾಲೆಯಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಅಪ್ಪ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸದವರು. "ನಾನು ಜೋಡಿಸೋ ಹೊತ್ತಿಗೆ ಮಾತು ಆರಿಹೋಗಿರುತ್ತೆ, ನೀನು ಬಿಸಿಯಾಗಿರೋವಾಗ್ಲೇ ಹಿಡೀತೀಯ" ಎಂದು ಹೆಮ್ಮೆ ಪಡುತ್ತಿದ್ದರು. ನನ್ನನ್ನು ಯಾರೂ ಓದು ಬಿಡಿಸಲಿಲ್ಲ, ಯಾರೂ ಕೆಲಸಕ್ಕೆ ತಳ್ಳಲಿಲ್ಲ. ಆ ಕೆಲಸವನ್ನು ಇಷ್ಟಪಟ್ಟೇ ಆರಿಸಿಕೊಂಡೆ. ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ಒಂದು ಗೌರವದ ಕಾರಣವಾದರೂ ಇರಲಿ ಎಂದು ಎಷ್ಟೋ ಸಲ ಹುಡುಕಿದ್ದೇನೆ. ಸಿಕ್ಕಿಲ್ಲ.

ಅಂದಿನ ಕಾರ್ಯದರ್ಶಿ ಮೂಗಿನ ತುದಿಯಲ್ಲಿ ಕನ್ನಡಕ ನಿಲ್ಲಿಸಿಕೊಂಡಿದ್ದ ಮುದುಕರು. ಮೊದಲ ದಿನವೇ ಹಳೆಯ ಭಾಷಣಗಳ ಬೈಂಡು ಸಂಪುಟಗಳನ್ನು ಮೇಜಿನ ಮೇಲೆ ದೊಪ್ಪನೆ ಹಾಕಿದರು. "ಇವರ ಪದಗಳೇ ಬೇರೆ ಕಣಮ್ಮ. ಓದ್ಕೊಳ್ಳಿ. ಇಲ್ದಿದ್ರೆ ನಾಳೆ ವೇದಿಕೆ ಮೇಲೆ ಅವರು ಒಂದು ಹೇಳಿದ್ರೆ ನೀವು ಇನ್ನೊಂದು ಬರೀತೀರ." ವರ್ಷಕ್ಕೊಬ್ಬರು ಅಧ್ಯಕ್ಷರು, ಅವರದೊಂದು ಭಾಷಣ, ಐವತ್ತು ನಿಮಿಷ. ಮಧ್ಯಾಹ್ನದ ಬಿಡುವಿನಲ್ಲಿ ಬುತ್ತಿ ಪಕ್ಕಕ್ಕಿಟ್ಟು ಓದತೊಡಗಿದೆ. ನಲವತ್ತು ದಿನದಲ್ಲಿ ಮೂವತ್ಮೂರು ಭಾಷಣ ಮುಗಿಸಿದೆ. ಕಥೆ ಓದಿದ ಹಾಗೆ ಓದಿಸಿಕೊಂಡು ಹೋದವು.

ಮೊದಲ ಅಧ್ಯಕ್ಷರಿಗೆ ನಾನು ಗಡಿಯಾರದ ಮೇಷ್ಟ್ರು ಎಂದು ಹೆಸರಿಟ್ಟೆ. ದೀಪ ಹೊತ್ತಿದ್ದು ಕಂಡು ಮನುಷ್ಯ ಗುಂಡಿ ಒತ್ತುವವರೆಗೆ ಎಷ್ಟು ಹೊತ್ತು ಬೇಕು, ಆ ಕ್ಷಣದ ಸಾವಿರದಲ್ಲೊಂದು ಪಾಲನ್ನು ಹಿತ್ತಾಳೆಯ ಯಂತ್ರದಲ್ಲಿ ಹಿಡಿಯುವುದೇ ಅವರಿಗೆ ಮನಶ್ಶಾಸ್ತ್ರ. "ಆತ್ಮದ ವಿಚಾರ ಆಮೇಲೆ, ಮೊದಲು ಗಡಿಯಾರ ಸರಿಮಾಡಿ" ಎಂದಿದ್ದರು. ಅವರಾಗಿ ಒಂಬತ್ತು ವರ್ಷಕ್ಕೆ ಬಂದವರು ಬುದ್ಧಿ ಅಳೆಯುವ ಪರೀಕ್ಷೆಯನ್ನು ಹೊಗಳಿದ್ದೇ ಹೊಗಳಿದ್ದು. ಒಂದು ಕಾಗದ, ಒಂದು ಪೆನ್ಸಿಲ್, ಅರ್ಧ ಗಂಟೆ ಕೊಟ್ಟರೆ ಮಗು ಮುಂದೆ ಏನಾಗುತ್ತದೆಂದು ಹೇಳಿಬಿಡುತ್ತಾರಂತೆ. ಇನ್ನೂ ಒಂಬತ್ತು ವರ್ಷ ಕಳೆದ ಮೇಲೆ ಒಬ್ಬರು ಅದೇ ಹಳೆಯ ಪರೀಕ್ಷೆಯ ಕಾಗದಗಳನ್ನು ವೇದಿಕೆಗೆ ತಂದರು. ಪಿಯಾನೋವನ್ನೇ ಕಾಣದ ಮಗುವಿಗೆ, ಈ ಚಿತ್ರದ ಪಿಯಾನೋದಲ್ಲಿ ಯಾವ ಭಾಗ ಬಿಟ್ಟುಹೋಗಿದೆ ಎಂದು ಕೇಳಿದ್ದೇವೆ, ಹೇಳಲಾಗದ್ದಕ್ಕೆ ದಡ್ಡ ಎಂದು ಬರೆದಿದ್ದೇವೆ, ನಾವು ಅಳೆದದ್ದು ಮಗುವನ್ನಲ್ಲ, ಅದರ ಮನೆಯನ್ನು ಎಂದು ಎಲ್ಲರ ಮುಂದೆ ಹೇಳಿದರು. ಆ ಪುಟ ಓದುವಾಗ ಕೈಯಲ್ಲಿದ್ದ ತುತ್ತು ಹಾಗೆಯೇ ಉಳಿಯಿತು. ಆಮೇಲೆ ಬಂದರು ಇಲಿ ಮೇಷ್ಟ್ರು. ಇಲಿ, ಸನ್ನೆಕೋಲು, ಕಾಳು. ಬೆರಳು ಮಡಚಿ ಎಣಿಸಿದ್ದೇನೆ, ಐವತ್ತು ನಿಮಿಷದಲ್ಲಿ ಅವರು ಮನಸ್ಸು ಎಂಬ ಪದವನ್ನು ಒಂದು ಸಲವೂ ಬಳಸಲಿಲ್ಲ. ಮದುವೆ ಮನೆಯಲ್ಲಿ ಮದುಮಗಳ ಹೆಸರೆತ್ತದೆ ಊಟ ಮಾಡಿ ಎದ್ದು ಹೋದ ಹಾಗೆ!

ಹಿಂದಿನವರು ತಪ್ಪು ಎನ್ನುವುದನ್ನು ಅಷ್ಟು ನಯವಾಗಿ ಹೇಳುವ ಇನ್ನೊಂದು ವಿದ್ಯೆಯನ್ನು ನಾನು ಕಂಡಿಲ್ಲ. ಆ ವಿದ್ಯೆ ನನ್ನ ತಲೆಗೇರಿತು. ಅದನ್ನು ಯಾರಿಗಾದರೂ ಹೇಳದಿದ್ದರೆ ಉಸಿರು ಕಟ್ಟುತ್ತದೆ ಎನ್ನುವ ಹಾಗಾಯಿತು. ಮನೆಯಲ್ಲಿದ್ದವಳು ನೀನು.

ನೀನಾಗ ಗಣಿತ ಓದಬೇಕೆಂದಿದ್ದೆ. ನಾನು ಸಂಜೆ ಕಾರ್ಬನ್ ಪ್ರತಿಗಳನ್ನು ಚೀಲದಲ್ಲಿ ತಂದು ಅಡುಗೆಮನೆಯ ಮೇಜಿನ ಮೇಲೆ ಹರಡುತ್ತಿದ್ದೆ. ನೀನು ತರಕಾರಿ ಹೆಚ್ಚುತ್ತಿದ್ದೆ, ನಾನು ಗಡಿಯಾರದ ಮೇಷ್ಟ್ರ ಧ್ವನಿಯಲ್ಲಿ, ಇಲಿ ಮೇಷ್ಟ್ರ ಧ್ವನಿಯಲ್ಲಿ ಓದುತ್ತಿದ್ದೆ. ಅಪ್ಪ ಬಾಗಿಲಲ್ಲಿ ನಿಂತು ನಗುತ್ತಿದ್ದರು. ಒಂದು ಸಂಜೆ ನೀನು ಚಾಕು ಕೆಳಗಿಟ್ಟು ಕೇಳಿದೆ: "ಅಕ್ಕಾ, ಮನಸ್ಸನ್ನ ಅಳೀತೀವಿ ಅಂತಾರಲ್ಲ, ಅಳೆಯೋದೂ ಮನಸ್ಸೇ ಅಲ್ವಾ? ತಕ್ಕಡಿ ತನ್ನನ್ನೇ ತಾನು ತೂಗಿಕೊಂಡ ಹಾಗಾಯ್ತು." ನಾನು ಮೂವತ್ಮೂರು ಭಾಷಣ ಓದಿದ್ದೆ. ನನಗೆ ಆ ಪ್ರಶ್ನೆ ಹುಟ್ಟಿರಲಿಲ್ಲ. ನೀನು ಮೂರು ಕೇಳಿದ್ದೆ ಅಷ್ಟೆ. "ತರಕಾರಿ ಹೆಚ್ಚು" ಎಂದು ಗದರಿಸಿದೆ. ಅದು ಶುರುವಾದದ್ದು ಅಲ್ಲಿ.

ಮುಂದಿನ ವರ್ಷ ನೀನು ಗಣಿತ ಬಿಟ್ಟು ಮನಶ್ಶಾಸ್ತ್ರಕ್ಕೆ ಅರ್ಜಿ ಹಾಕಿದೆ. ಅಪ್ಪ ನನ್ನ ಬೆನ್ನು ತಟ್ಟಿ "ನಿನ್ನಿಂದ್ಲೇ ಆಗಿದ್ದು" ಎಂದರು. ನಾನೂ ನಕ್ಕೆ. ಒಳಗೆ ಏನೋ ಕಚ್ಚಿತು. ದಾರಿ ತೋರಿಸಿದವಳು ಕಂಬದ ಹಾಗೆ ಅಲ್ಲೇ ನಿಲ್ಲಬೇಕು, ನಡೆದವಳು ಊರು ಸೇರುತ್ತಾಳೆ. ಒಂದು ಮಾತು ಹೇಳಲಾ? ನೀನು ಸೋತಿದ್ದರೆ ನಾನು ನಿನ್ನನ್ನು ಎಷ್ಟು ಚೆನ್ನಾಗಿ ಸಂತೈಸುತ್ತಿದ್ದೆ! ಅದಕ್ಕೆ ಬೇಕಾದ ಮಾತುಗಳೆಲ್ಲ ಸಿದ್ಧವಾಗಿದ್ದವು. ನೀನು ಸೋಲಲೇ ಇಲ್ಲ.

ಸಂಘದ ವಾರ್ಷಿಕ ಸಭೆಗೆ ನೀನು ಪ್ರತಿನಿಧಿಯಾಗಿ ಬಂದ ಮೊದಲ ವರ್ಷ ನೆನಪಿದೆಯೇ? ವೇದಿಕೆಯ ಕೆಳಗೆ ಎಡಗಡೆ ನನ್ನ ಪುಟ್ಟ ಮೇಜು. ನೀನು ಪ್ರೊಫೆಸರೊಬ್ಬರನ್ನು ಕರೆತಂದು "ಇವರು ನಮ್ಮಕ್ಕ" ಎಂದೆ. ಅವರು ತಲೆಯಾಡಿಸಿ, "ಒಂದು ಲೋಟ ನೀರು ಸಿಗುತ್ತಾ ಅಮ್ಮ?" ಎಂದರು. ನಾನು ಏಳುವ ಮೊದಲೇ ನೀನು ಓಡಿಹೋಗಿ ನೀರು ತಂದೆ. ಬೇರೆಯವರಾದರೆ ಇಂಥ ತಂಗಿ ಸಿಕ್ಕಿದ್ದಕ್ಕೆ ಕಣ್ಣು ತುಂಬಿಕೊಳ್ಳುತ್ತಿದ್ದರು. ನನಗೆ ಆ ಪ್ರೊಫೆಸರರ ಮೇಲೆ ಸಿಟ್ಟು ಬರಲಿಲ್ಲ. ನಿನ್ನ ಮೇಲೆ ಬಂತು. ನೀರು ತರುವುದರಲ್ಲೂ ನೀನೇ ಮುಂದೆ.

ವರ್ಷಗಳು ಹೋದವು. ನನ್ನ ಪೆನ್ಸಿಲ್ಲಿನ ಕೆಳಗೆ ಒಬ್ಬರಾದ ಮೇಲೆ ಒಬ್ಬರು ಹಾದುಹೋದರು. ಇಲಿ ಮೇಷ್ಟ್ರು ಹೊರಹಾಕಿದ ಮನಸ್ಸನ್ನು ಮರಳಿ ಒಳಗೆ ಕರೆದ ಅಧ್ಯಕ್ಷರು ಬಂದರು. ಅವರಿಗೆ ಮನಸ್ಸೆಂದರೆ ಲೆಕ್ಕ ಮಾಡುವ ಯಂತ್ರ. ಆ ಪದಕ್ಕಾಗಿ ಶೀಘ್ರಲಿಪಿಯಲ್ಲಿ ನಾನೊಂದು ಹೊಸ ಗೀಟು ಕಟ್ಟಿಕೊಂಡೆ, ಒಂದೇ ಭಾಷಣದಲ್ಲಿ ಅದನ್ನು ನೂರಹನ್ನೆರಡು ಸಲ ಬರೆದೆ. ಮೊದಲ ಮಹಿಳಾ ಅಧ್ಯಕ್ಷೆ ಬಂದರು. "ಮಗು ಮಾತಾಡದಿದ್ದರೆ ತಾಯಿಯ ಎದೆ ತಣ್ಣಗಿದೆ ಅಂದಿರಿ. ಮಗು ಅತ್ತರೆ ತಾಯಿ ಅತಿ ಮುದ್ದು ಮಾಡಿದಳು ಅಂದಿರಿ. ಇಷ್ಟು ವರ್ಷ ಈ ವೇದಿಕೆಯಿಂದ ಒಬ್ಬ ತಾಯಿಯನ್ನಾದರೂ, ನಿನಗೆ ಹೇಗಿದೆಯಮ್ಮ ಎಂದು ಕೇಳಿದ್ದೀರಾ?" ಎಂದರು. ಆಮೇಲೆ ದೀಪ ಆರಿಸಿ ಮಿದುಳಿನ ಬಣ್ಣದ ಚಿತ್ರ ತೋರಿಸಿದವರು ಬಂದರು. ಕತ್ತಲಲ್ಲಿ ಬರೆದ ಆ ಭಾಷಣದ ಸಾಲುಗಳು ಇವತ್ತಿಗೂ ಒಂದರ ಮೇಲೊಂದು ಹತ್ತಿ ಕೂತಿವೆ. ಆಮೇಲೆ ಬಂದವರೊಬ್ಬರು, ನಮ್ಮ ಹೆಸರಾಂತ ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದೆವು, ಅರ್ಧಕ್ಕರ್ಧ ಫಲಿತಾಂಶ ಮತ್ತೆ ಬರಲೇ ಇಲ್ಲ ಎಂದು ಹೇಳಿ ಮೂರು ಲೋಟ ನೀರು ಕುಡಿದರು. ಭಾಷಣ ಟೇಪು ಮಾಡುವ ಯಂತ್ರವೂ ಬಂತು. ಮೊದಲ ವರ್ಷವೇ ಅದು ಅರ್ಧದಲ್ಲಿ ಕೈಕೊಟ್ಟದ್ದರಿಂದ ಕಾರ್ಯದರ್ಶಿಗಳು ಬದಲಾದರೂ ನನ್ನ ಪೆನ್ಸಿಲ್ ಬದಲಾಗಲಿಲ್ಲ. ಟೇಪು ಕಪಾಟಿಗೆ ಹೋಗುತ್ತಿತ್ತು, ನಾನು ಬರೆದದ್ದು ಅಚ್ಚಿಗೆ ಹೋಗುತ್ತಿತ್ತು.

ಅಷ್ಟೂ ವರ್ಷ ನಿನ್ನ ಹತ್ತಿರ ಇಲ್ಲದ್ದು ಒಂದು ನನ್ನ ಹತ್ತಿರ ಇತ್ತು. ಅಮ್ಮನ ಕೊನೆಯ ನೋಟ.

ಅಮ್ಮ ಆಸ್ಪತ್ರೆಯಲ್ಲಿದ್ದ ಕೊನೆಯ ದಿನ ನನಗೆ ಎಂಟು ವರ್ಷ. ಅಪ್ಪ ಔಷಧಿ ತರಲು ಕೆಳಗೆ ಹೋಗಿದ್ದರು. ಮಂಚದ ಸುತ್ತ ಪರದೆ ಎಳೆದಿದ್ದರು, ಡಾಕ್ಟರು, ನರ್ಸು ಒಳಗಿದ್ದರು. ನಾನು ಪರದೆಯ ಸಂದಿಯಲ್ಲಿ ಇಣುಕಿದೆ. ನಾನೊಬ್ಬಳೇ. ಅವರಿಬ್ಬರ ಭುಜಗಳ ನಡುವೆ ಅಮ್ಮನ ಮುಖ ಕಂಡಿತು. ಅಮ್ಮ ನನ್ನನ್ನು ಕಂಡಳು. ಕಣ್ಣಾಮುಚ್ಚಾಲೆ ಆಡುವಾಗ ಬೀರುವಿನ ಹಿಂದೆ ಅಡಗಿ ಮಾಡುತ್ತಿದ್ದಳಲ್ಲ, ಹಾಗೆಯೇ ತುಟಿಯ ಮೇಲೆ ಬೆರಳಿಟ್ಟಳು. ಸದ್ದು ಮಾಡಬೇಡ ಎಂದು. ನಾನು ಮಾಡಲಿಲ್ಲ. ಆಮೇಲೆ ದೊಡ್ಡವರೆಲ್ಲ "ನಿದ್ದೆಯಲ್ಲೇ ಹೋದಳು, ಪುಣ್ಯವಂತೆ" ಎಂದರು. ಅಲ್ಲವೆಂದು ನನಗೆ ಗೊತ್ತಿತ್ತು. ಎಚ್ಚರವಿದ್ದಳು, ನನ್ನ ಜೊತೆ ಆಡುತ್ತಿದ್ದಳು. ಹದಿನೈದು ವರ್ಷ ಅಪ್ಪನಿಗೂ ಹೇಳಲಿಲ್ಲ. ಏಕೆಂದರೆ ಅಮ್ಮ ಹೇಳಬೇಡ ಎಂದಿದ್ದಳು.

ನಿನಗೆ ಹೇಳಿದೆ. ನಿನಗಾಗ ಹದಿನೆಂಟು. ಅಮ್ಮನ ಮುಖವೇ ನೆನಪಿಲ್ಲ ಎಂದು ನೀನು ಅಳುತ್ತಿದ್ದೆ, ತಡೆಯಲಾಗಲಿಲ್ಲ. ಹೇಳಿ ಮುಗಿಸಿದ ಗಳಿಗೆಯಲ್ಲೇ ಯಾಕಾದರೂ ಹೇಳಿದೆನೋ ಎನ್ನಿಸಿತು. ಆದರೂ ಅದು ನನ್ನದೇ ತಾನೇ? ಕೇಳಿಸಿಕೊಂಡ ಮಾತ್ರಕ್ಕೆ ನಿನ್ನದಾಗುತ್ತದೆಯೇ?

ಆರು ವರ್ಷದ ಹಿಂದೆ ನೀನು ಅಧ್ಯಕ್ಷಳಾದೆ. ವಿಷಯ, ನೆನಪು. ನಾನು ಆರು ಪೆನ್ಸಿಲ್ ಚೂಪು ಮಾಡಿಕೊಂಡು ಆ ಪುಟ್ಟ ಮೇಜಿನ ಮುಂದೆ ಕೂತೆ. ನೀನು ವೇದಿಕೆ ಹತ್ತಿ, ಕಾಗದಗಳನ್ನು ತಿರುವಿಹಾಕಿ, ಒಂದು ಗಳಿಗೆ ಸುಮ್ಮನೆ ನಿಂತೆ. ಆ ನಿಲ್ಲುವ ಕಲೆಗೂ ನನಗೆ ಹೊಟ್ಟೆಕಿಚ್ಚು. ಶೀಘ್ರಲಿಪಿಯಲ್ಲಿ ಮೌನಕ್ಕೆ ಗೀಟಿಲ್ಲ. ಮೂವತ್ತೆಂಟು ನಿಮಿಷ ಚೆನ್ನಾಗಿಯೇ ಬರೆದುಕೊಂಡೆ. ಆಮೇಲೆ ನೀನು ಹೇಳಿದೆ: "ನನ್ನದೇ ಒಂದು ನೆನಪು ಹೇಳುತ್ತೇನೆ. ನನಗಾಗ ಮೂರು ವರ್ಷ. ಆಸ್ಪತ್ರೆ. ನೀಲಿ ಪರದೆಯ ಸಂದಿಯಲ್ಲಿ ಅಮ್ಮ ಕಾಣುತ್ತಾಳೆ. ತುಟಿಯ ಮೇಲೆ ಬೆರಳಿಡುತ್ತಾಳೆ."

ಪೆನ್ಸಿಲ್ ನಿಂತಿತು. ಕಿವಿಯೊಳಗೆ ಗಿರಣಿ ತಿರುಗಿದಂತಾಯಿತು. ಇಡೀ ಸಭೆಯ ಮುಂದೆ, ಮೈಕಿನಲ್ಲಿ, ನನ್ನ ಅಮ್ಮನನ್ನು ನೀನು ಎತ್ತಿಕೊಂಡು ಹೋದೆ. ಮೂರು ವರ್ಷದ ಮಗುವಿಗೆ ಅಂಥ ನೆನಪು ಉಳಿಯುವುದೇ ಅಪರೂಪ ಎಂದು ಇದೇ ವೇದಿಕೆಯಿಂದ ಇಬ್ಬರು ಅಧ್ಯಕ್ಷರು ಹೇಳಿದ್ದನ್ನು ನಾನೇ ಬರೆದುಕೊಂಡಿದ್ದೆ. ಎದ್ದು ನಿಂತು ಕೂಗಬೇಕೆನ್ನಿಸಿತು. ಸುಮ್ಮನೆ ಕೂತರೆ ನಾನು ಬರೆಯುತ್ತಿಲ್ಲವೆಂದು ಎಲ್ಲರಿಗೂ ಕಾಣುತ್ತದೆ. ಅದಕ್ಕೆ ಬರೆದೆ. ಕಳ್ಳಿ. ಕಳ್ಳಿ. ಕಳ್ಳಿ. ಶೀಘ್ರಲಿಪಿಯಲ್ಲಿ ಅದು ಒಂದು ಕೊಕ್ಕೆ, ಒಂದು ಚುಕ್ಕೆ. ಒಂದೂವರೆ ಪುಟ ಅದನ್ನೇ ಬರೆದೆ. ಕಾಗದ ಹರಿಯುವಷ್ಟು ಒತ್ತಿ ಬರೆದೆ. ನೀನು ಏನು ಹೇಳುತ್ತಿದ್ದೀಯೋ ಒಂದು ಪದವೂ ಕಿವಿಗೆ ಬೀಳಲಿಲ್ಲ. ಚಪ್ಪಾಳೆ ಕೇಳಿದಾಗ ತಲೆಯೆತ್ತಿದೆ. ಮುಂದಿನ ಸಾಲಿನವರೆಲ್ಲ ನನ್ನ ಕಡೆಗೇ ತಿರುಗಿದ್ದರು. ನನ್ನ ಮುಖ ಕಂಡುಬಿಟ್ಟರು ಎಂದು ತಲೆ ತಗ್ಗಿಸಿದೆ. ಉಳಿದ ಒಂಬತ್ತು ನಿಮಿಷವನ್ನು ಒಂದಕ್ಷರ ತಪ್ಪದೆ ಬರೆದುಕೊಂಡೆ. ಅಭ್ಯಾಸ, ಇನ್ನೇನು.

ಊಟಕ್ಕೆ ನಿಲ್ಲದೆ ಹಿಂದಿನ ಬಾಗಿಲಿನಿಂದ ಹೊರಟೆ. ಮೆಟ್ಟಿಲಲ್ಲಿ ಕಚೇರಿಯ ಜವಾನ ಸಿಕ್ಕಿ, ಕಣ್ಣೊರೆಸಿಕೊಳ್ಳುತ್ತಾ, "ನಿಮ್ಮ ತಂಗಿ ಎಂಥ ಮಾತು ಹೇಳಿದ್ರು ಅಮ್ಮಾ..." ಎಂದ. "ನಾನೇ ಬರ್ಕೊಂಡಿದೀನಪ್ಪಾ, ನಂಗೆ ಗೊತ್ತು" ಎಂದು ಅವನ ಬಾಯಿ ಮುಚ್ಚಿಸಿದೆ. ನೀನು ಅವತ್ತು ನನಗಾಗಿ ಪಕ್ಕದ ಕುರ್ಚಿ ಹಿಡಿದಿಟ್ಟುಕೊಂಡು ಕಾದೆಯಂತೆ. ಆಮೇಲೆ ನಾಲ್ಕು ಸಲ ಫೋನು ಮಾಡಿದೆ. ನಾನು ಎತ್ತಲಿಲ್ಲ.

ಟೈಪು ಮಾಡುವಾಗ ಆ ಭಾಗವನ್ನು ಬಿಟ್ಟುಬಿಟ್ಟೆ. ಹಿಂದಿನ ವಾಕ್ಯಕ್ಕೂ ಮುಂದಿನ ವಾಕ್ಯಕ್ಕೂ ಒಂದು 'ಆದ್ದರಿಂದ' ಹಾಕಿ ಹೊಲಿದೆ. ಮೂವತ್ತೈದು ವರ್ಷದ ಕೆಲಸದಲ್ಲಿ ನಾನು ಸ್ವಂತವಾಗಿ ಸೇರಿಸಿದ ಒಂದೇ ಒಂದು ಪದ ಅದು. ಹಾಗೆಯೇ ಅಚ್ಚಾಯಿತು. ನೀನು ಗಲಾಟೆ ಮಾಡುತ್ತೀಯ ಎಂದು ಕಾದೆ. ಮಾಡಿದರೆ ಏನು ಹೇಳಬೇಕೆಂದು ನಾಲ್ಕು ಬಗೆಯ ಉತ್ತರ ಕಟ್ಟಿಟ್ಟುಕೊಂಡಿದ್ದೆ. ನೀನು ತುಟಿ ಬಿಚ್ಚಲಿಲ್ಲ. ಕದ್ದವಳಿಗೆ ಬಾಯೆಲ್ಲಿಂದ ಬರಬೇಕು ಎಂದುಕೊಂಡೆ. ಆ ವರ್ಷವೇ ನಿವೃತ್ತಿ ತೆಗೆದುಕೊಂಡೆ. ಆಮೇಲಿನ ಆರು ವರ್ಷ ನಾವು ಆಡಿದ ಮಾತನ್ನೆಲ್ಲ ಸೇರಿಸಿದರೆ ಒಂದು ಪುಟ ತುಂಬದು. ಚೆನ್ನಾಗಿದ್ದೀಯಾ, ಚೆನ್ನಾಗಿದ್ದೀನಿ. ಔಷಧಿ ತಗೋತಿದ್ದೀಯಾ, ತಗೋತಿದ್ದೀನಿ.

ಎರಡು ತಿಂಗಳ ಹಿಂದೆ ಈಗಿನ ಕಾರ್ಯದರ್ಶಿ, ನಿನ್ನ ಹಳೆಯ ವಿದ್ಯಾರ್ಥಿ, ಫೋನು ಮಾಡಿ ಪುಸ್ತಕದ ಕೆಲಸಕ್ಕೆ ಕರೆದ. ಹಳೆಯ ಸಂಪುಟಗಳ ಪ್ರೂಫು ನೋಡಲು ನನಗಿಂತ ತಿಳಿದವರಿಲ್ಲವಂತೆ. ಹೋದೆ. ಅದೇ ಕೋಣೆ, ಅದೇ ಕಪಾಟು, ಬಣ್ಣ ಮಾತ್ರ ಹೊಸದು. ಕಿವಿಗೆ ಹೆಡ್‌ಫೋನು ಹಾಕಿಕೊಂಡ ಸಂಶೋಧನೆಯ ಹುಡುಗಿಯೊಬ್ಬಳು ಟೇಪುಗಳನ್ನು ಅಚ್ಚಿನ ಜೊತೆ ಹೋಲಿಸುತ್ತಿದ್ದಳು. ಮೂರನೇ ದಿನ ಅವಳು ತಲೆಯೆತ್ತಿ, "ಅರವತ್ತೊಂಬತ್ತರಲ್ಲಿ ಮೂರು ನಿಮಿಷ ಕಾಣೆ ಮೇಡಂ" ಎಂದಳು.

ನಾನು ಪ್ರೂಫಿನಿಂದ ಕಣ್ಣೆತ್ತಲಿಲ್ಲ. ಕಾರ್ಯದರ್ಶಿ ಅಲ್ಲೇ ನಗುತ್ತಾ ಹೇಳಿದ: "ಅದು ಗೊತ್ತಿರೋದೇ. ಅಚ್ಚಾದ ವರ್ಷವೇ ಹಿಂದಿನ ಕಾರ್ಯದರ್ಶಿ ಕೇಳಿದ್ರಂತೆ. 'ನಾನೇ ತೆಗೆಸಿದ್ದು, ಅಕ್ಕನ್ನ ಏನೂ ಕೇಳಬೇಡಿ' ಅಂತ ಮೇಡಂ ಪತ್ರ ಬರ್ದಿದ್ದಾರೆ. ಫೈಲಲ್ಲಿದೆ."

ನನ್ನ ಮಾನ ಉಳಿಯಿತು. ಆಗ ನನಗೆ ಏನನ್ನಿಸಿತು ಗೊತ್ತೇ? ನೆಮ್ಮದಿಯಲ್ಲ, ಕೃತಜ್ಞತೆಯಲ್ಲ. ಮೈಯೆಲ್ಲ ಉರಿದುಹೋಯಿತು. ನನ್ನ ವಿದ್ಯೆ ತೆಗೆದುಕೊಂಡೆ, ನನ್ನ ಅಮ್ಮನನ್ನು ತೆಗೆದುಕೊಂಡೆ, ಕೊನೆಗೆ ನಾನು ಸ್ವಂತವಾಗಿ ಮಾಡಿದ ಒಂದೇ ಒಂದು ತಪ್ಪನ್ನೂ ನಿನ್ನ ಹೆಸರಿಗೆ ಬರೆಸಿಕೊಂಡೆಯಲ್ಲ! ಅದನ್ನಾದರೂ ನನಗೆ ಬಿಡಬಾರದಿತ್ತೇ?

ಆ ಸಿಟ್ಟಿನಲ್ಲೇ ಹುಡುಗಿಯ ಕೈಯಿಂದ ಹೆಡ್‌ಫೋನು ಇಸಿದುಕೊಂಡೆ. ನೀನು ಎಷ್ಟು ಕದ್ದಿದ್ದೀಯೋ ಪೂರ್ತಿ ಕೇಳಿಯೇ ಬಿಡುತ್ತೇನೆ ಎಂದು.

ಅಮ್ಮ ತುಟಿಯ ಮೇಲೆ ಬೆರಳಿಡುವವರೆಗೆ ನನಗೆ ಗೊತ್ತಿತ್ತು. ಅದರ ಮುಂದಿನ ವಾಕ್ಯ ಆರು ವರ್ಷ ತಡವಾಗಿ ನನ್ನ ಕಿವಿಗೆ ಬಿತ್ತು. "ಈ ನೆನಪು ನನ್ನದಲ್ಲ" ಎಂದಿದ್ದೆ ನೀನು. "ನನಗೆ ಹದಿನೆಂಟಾದಾಗ ನನ್ನ ಅಕ್ಕ ಕೊಟ್ಟದ್ದು. ಅವಳು ಹೇಳಿದ ಮೇಲೆ ಅದು ನನ್ನ ಕಣ್ಣೊಳಗೆ ಬಂದು ಕೂತಿತು, ನಾನೇ ಕಂಡದ್ದೇನೋ ಎನ್ನುವಷ್ಟು ಗಟ್ಟಿಯಾಗಿ. ಇಷ್ಟು ವರ್ಷ ನೆನಪಿನ ಮೇಲೆ ಕೆಲಸ ಮಾಡಿದ್ದೇನೆ. ಪಡೆದ ನೆನಪನ್ನೂ ಕಂಡ ನೆನಪನ್ನೂ ಬೇರೆ ಮಾಡುವ ಜರಡಿ ನಮ್ಮಲ್ಲಿ ಇನ್ನೂ ಇಲ್ಲ. ಒಂದು ಚೂರು ಮಾತ್ರ ಅವಳು ಹೇಳಿದ್ದಲ್ಲ. ನಾನು ಯಾರದೋ ಸೊಂಟದ ಮೇಲಿದ್ದೇನೆ. ಎತ್ತಿಕೊಂಡವರ ಎದೆ ನನ್ನ ಪಕ್ಕೆಗೆ ಡವಡವ ಬಡಿಯುತ್ತಿದೆ. ಅಕ್ಕ ಅದನ್ನು ಹೇಳಲಿಲ್ಲ. ನಾನು ಅಲ್ಲಿದ್ದೆ ಎಂದೂ ಹೇಳಲಿಲ್ಲ. ಎದೆ ಯಾರದೋ ಅವರಿಗೆ ಅದು ನೆನಪಿರುವುದಿಲ್ಲವೇನೋ. ಅಷ್ಟು ಮಾತ್ರ ನನ್ನದಿರಬಹುದು. ಅಮ್ಮನ ನೋಟ ಅವಳದು, ಅವಳಿಗೇ ಒಪ್ಪಿಸುತ್ತೇನೆ."

ಆಮೇಲೆ ನಿನ್ನ ಆ ಮೌನ. ಆಮೇಲೆ, "ಮನಶ್ಶಾಸ್ತ್ರ ನನಗೆ ಸಿಕ್ಕಿದ್ದು ವಿಶ್ವವಿದ್ಯಾಲಯದಲ್ಲಲ್ಲ, ಅಡುಗೆಮನೆಯ ಮೇಜಿನ ಮೇಲೆ. ಈ ಸಂಘದ ಅಷ್ಟೂ ಅಧ್ಯಕ್ಷರ ಮಾತು ಬಲ್ಲವರು ಈ ಸಭೆಯಲ್ಲಿ ಒಬ್ಬರೇ ಇದ್ದಾರೆ. ಅಗೋ, ಅಲ್ಲಿ, ಎಡಗಡೆಯ ಮೇಜಿನಲ್ಲಿ. ಅವರು ತಲೆಯೆತ್ತುವುದಿಲ್ಲ. ಬರೆದುಕೊಳ್ಳುತ್ತಿದ್ದಾರೆ."

ಚಪ್ಪಾಳೆ.

ಬಾಲಂಗೋಚಿ, ನಾನು ಆಗ ಏನು ಬರೆಯುತ್ತಿದ್ದೆ ಎಂದು ನಿನಗೆ ಈಗ ಗೊತ್ತು. ನಿನ್ನನ್ನು ಅಳಿಸುತ್ತಿದ್ದೇನೆ ಎಂದುಕೊಂಡು ನನ್ನನ್ನೇ ಅಳಿಸಿಕೊಂಡೆ. ನೀನೋ, ಅಚ್ಚಿನಲ್ಲಿ ಆ ಭಾಗ ಇಲ್ಲದ್ದು ಕಂಡು, ಅಕ್ಕನಿಗೆ ತನ್ನ ವಿಷಯ ನಾಲ್ಕು ಜನರ ಮುಂದೆ ಬರುವುದು ಇಷ್ಟವಿರಲಿಲ್ಲ, ನನ್ನದೇ ತಪ್ಪು ಎಂದು ಬಾಯಿ ಮುಚ್ಚಿಕೊಂಡಿದ್ದೆ. ಹಾಗೆಯೇ ಆ ಪತ್ರದಲ್ಲಿದೆ. ಹುಡುಗಿಯ ಹತ್ತಿರ ಫೈಲು ತರಿಸಿ ಓದಿದೆ.

ನಾನೊಬ್ಬಳೇ ಇದ್ದೆ ಎಂದು ಐವತ್ತೈದು ವರ್ಷ ನಂಬಿದ್ದೇನೆ. ಈಗ ಯೋಚಿಸುತ್ತೇನೆ. ಅಪ್ಪ ಕೆಳಗೆ ಹೋಗಿದ್ದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮೂರು ವರ್ಷದ ನಿನ್ನನ್ನು ನಾನು ಎಲ್ಲಿ ಬಿಟ್ಟಿರಲು ಸಾಧ್ಯ? ನೀನು ಇದ್ದಿರಲೇಬೇಕು. ನನ್ನ ಎಡಸೊಂಟದ ಮೇಲೆಯೇ ಇದ್ದಿರಬೇಕು. ಎಷ್ಟು ಪ್ರಯತ್ನಪಟ್ಟರೂ ನಿನ್ನ ಭಾರ ನೆನಪಿಗೆ ಬರುತ್ತಿಲ್ಲ. ಅಮ್ಮ ಸದ್ದು ಮಾಡಬೇಡ ಎಂದದ್ದು ನನಗೋ, ಅಳುವ ಹಾಗಿದ್ದ ನಿನಗೋ? ಅದನ್ನು ಹೇಳಬಲ್ಲವಳು ಒಬ್ಬಳೇ ಇದ್ದಳು.

ಚೀಲದಿಂದ ಪೆನ್ಸಿಲ್ ತೆಗೆದೆ. ಟೇಪನ್ನು ಹಿಂದಕ್ಕೆ ತಿರುಗಿಸಿ ಅಂದು ಬಿಟ್ಟದ್ದನ್ನು ಬರೆದುಕೊಳ್ಳತೊಡಗಿದೆ. ಬೆರಳು ಮೊದಲಿನ ಹಾಗಿಲ್ಲ, ಮೂರು ಸಲ ನಿಲ್ಲಿಸಬೇಕಾಯಿತು. ಟೈಪು ಮಾಡಿದೆ. ಆ ಸುಳ್ಳು 'ಆದ್ದರಿಂದ'ವನ್ನು ಕಿತ್ತು ಹಾಕಿದೆ. ಕೆಳಗೆ ಹೀಗೆ ಅಡಿಟಿಪ್ಪಣಿ ಬರೆದೆ: 'ಈ ಭಾಗವನ್ನು ಮೊದಲ ಮುದ್ರಣದಲ್ಲಿ ಬಿಟ್ಟವರು ಭಾಷಣಕಾರರಲ್ಲ, ಬರೆದುಕೊಂಡ ಸ್ಟೆನೋ. ಕಾರಣ, ಅಸೂಯೆ.'

ನಿನ್ನ ಶಿಷ್ಯ ಅದನ್ನು ಎರಡು ಸಲ ಓದಿ ಕುರ್ಚಿಯಲ್ಲಿ ಮಿಸುಕಾಡಿದ. "ಕಾರಣ ಯಾಕಮ್ಮ? 'ಕಣ್ತಪ್ಪಿನಿಂದ' ಅಂತ ಹಾಕಿಬಿಡೋಣ. ಮೇಡಂ ಕೂಡ ಹಾಗೇ ಇರ್ಲಿ ಅಂತಾರೆ."

"ಮೇಡಂ ಅಂತಾರೆ ಅಂತ್ಲೇ ಬೇಡ" ಎಂದೆ. "ಮನಶ್ಶಾಸ್ತ್ರದ ಪುಸ್ತಕ ಕಣಪ್ಪ. ಇದರಲ್ಲೂ ಕಾರಣ ಬರೀದಿದ್ರೆ ಇನ್ನೆಲ್ಲಿ ಬರೀಬೇಕು?"

ಅವನು ನಗಲಿಲ್ಲ. ಆದರೆ ಹಾಗೆಯೇ ಅಚ್ಚಿಗೆ ಕಳಿಸಿದ್ದಾನೆ. ನೀನು ಫೋನು ಮಾಡಿ ತೆಗೆಸಬೇಡ. ಆ ತಪ್ಪು ನನ್ನದು, ಅದು ನನ್ನ ಹೆಸರಿನಲ್ಲೇ ಇರಲಿ. ನಿನ್ನಿಂದ ನಾನು ಏನನ್ನಾದರೂ ವಾಪಸು ಕೇಳುತ್ತಿರುವುದು ಇದೇ ಮೊದಲು.

ಇಷ್ಟಾದ ಮೇಲೆ ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಬೇಡ. ಹೋಗಿಲ್ಲ. ಇನ್ನೊಂದು ಹೊಸದು ಹುಟ್ಟಿಕೊಂಡಿದೆ. ನಾನು ಕೊಡಬಹುದಿತ್ತಲ್ಲ, ಅಮ್ಮ ನಮ್ಮಿಬ್ಬರನ್ನೂ ನೋಡಿದಳು ಕಣೇ ಎಂದು ಹದಿನೆಂಟು ವರ್ಷದ ನಿನಗೆ ಹೇಳಬಹುದಿತ್ತಲ್ಲ. ಹೇಳಲಿಲ್ಲ. ನೀನು ಸಾವಿರ ಜನರ ಮುಂದೆ ಅಮ್ಮನನ್ನು ಪೂರ್ತಿ ನನಗೇ ಬಿಟ್ಟುಕೊಟ್ಟೆ. ಅಷ್ಟು ಸಲೀಸಾಗಿ ಕೊಡಬಲ್ಲವಳ ಮೇಲೆ ಹೊಟ್ಟೆಕಿಚ್ಚು ಪಡದೆ ಇರುವುದು ಹೇಗೆ, ನೀನೇ ಹೇಳು.

ಈ ಭಾನುವಾರ ಬೆಳಿಗ್ಗೆ ಮನೆಗೆ ಬಾ. ಒಬ್ಬಳೇ ಬಾ. ಅವತ್ತು ಆಸ್ಪತ್ರೆಯಲ್ಲಿ ನಿನಗೆ ಬೇರೆ ಏನೇನು ಕಂಡಿತ್ತು, ಕೇಳಬೇಕು. ಈ ಸಲ ಬರೆದುಕೊಳ್ಳುವುದಿಲ್ಲ.

ಒಂದು ಮಾತು ಉಳಿಯಿತು. ಭಾಷಣದಲ್ಲಿ ನೀನು ಪರದೆ ನೀಲಿ ಎಂದಿದ್ದೀಯ. ಅದು ಹಸಿರು. ಅಚ್ಚ ಹಸಿರು, ಅಂಚಿನಲ್ಲಿ ಹೊಲಿಗೆ ಬಿಚ್ಚಿತ್ತು. ಟೈಪು ಮಾಡುವಾಗ ನನ್ನ ಬೆರಳು ಆ ಪದದ ಮೇಲೆ ಬಂದು ನಿಂತಿತು. ತಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನೀಲಿ ಎಂದೇ ಟೈಪು ಮಾಡಿದ್ದೇನೆ.

ನನಗಿಂತ ಚೆನ್ನಾಗಿ ಮಾತಾಡುತ್ತಿರು, ನನಗಿಂತ ಚೆನ್ನಾಗಿ ನಿದ್ದೆ ಮಾಡುತ್ತಿರು, ನನಗಿಂತ ಹೆಚ್ಚು ವರ್ಷ ಬದುಕು. ಈ ಮೂರನೆಯದಕ್ಕೆ ಮಾತ್ರ ನನಗೆ ಹೊಟ್ಟೆಕಿಚ್ಚಿಲ್ಲ.

ಇಂತು ಹರಸುವ,
ನಿನ್ನ ಅಕ್ಕ